ಮೊಣಕೈಗಿಂತ ಒಂದು ಬೆರಳು ಕೆಳಗೆ

ನಮ್ಮ ಮನೆಯಲ್ಲಿ ಯಾವ ಮೇಜು ಎಷ್ಟು ಎತ್ತರ ಇರಬೇಕೆಂದು ತೀರ್ಮಾನ ಮಾಡುವುದು ಇವರ ಮೊಣಕೈ. ಇವರು ಎಂದರೆ ನನ್ನ ಯಜಮಾನರು. ತೆಳುಹಲಗೆಯಿಂದ ಮಕ್ಕಳ ಆಟಿಕೆ ಕೊಯ್ಯುವುದು ಇವರ ಕಸುಬು. ಕುದುರೆ, ಆನೆ, ಮೀನು, ಒಂದಕ್ಕೊಂದು ಕೂಡಿಸಿ ಚಿತ್ರ ಮಾಡುವ ತುಂಡುಗಳು, ಹೀಗೆ. ಮನೆಯ ಹಿಂದಿನ ಕೋಣೆಯೇ ಕಾರ್ಖಾನೆ. ಅಲ್ಲಿಂದ ಬರುವ ಪುಡಿಯನ್ನು ಗುಡಿಸುವವಳು ನಾನು, ಆದ್ದರಿಂದ ಈ ಕಸುಬಿನ ಬಗ್ಗೆ ಮಾತಾಡುವ ಹಕ್ಕು ನನಗೂ ಇದೆ.

ಇವರ ಗುರುಗಳು ಒಂದು ಪದ್ಧತಿ ಇಟ್ಟುಕೊಂಡಿದ್ದರಂತೆ. ಶಿಷ್ಯ ಸ್ವಂತ ಕೆಲಸಕ್ಕೆ ಇಳಿಯುವ ದಿನ ಅವನನ್ನು ಗೋಡೆಗೆ ಒರಗಿಸಿ ನಿಲ್ಲಿಸಿ, ಮೊಣಕೈ ಮಡಚಿಸಿ, ನೆಲದಿಂದ ಅಲ್ಲಿಯವರೆಗಿನ ಎತ್ತರದಲ್ಲಿ ಒಂದು ಬೆರಳು ಕಡಿಮೆ ಮಾಡಿ ಒಂದು ಕೋಲು ಕೊಯ್ದು ಕೊಡುವುದು. ಕೆಲಸದ ಮೇಜು ಅಷ್ಟೇ ಎತ್ತರ ಇರಬೇಕು, ಹೆಚ್ಚಾದರೆ ಭುಜ ಸೋಲುತ್ತದೆ, ಕಡಿಮೆಯಾದರೆ ಸೊಂಟ ಸೋಲುತ್ತದೆ. ಇವರಿಗೆ ಆ ಕೋಲು ಸಿಕ್ಕಿದ್ದು ಮೀಸೆ ಕಪ್ಪಗಿದ್ದಾಗ. ಅವತ್ತಿನಿಂದ ಈ ಮನೆಯಲ್ಲಿ ಇವರು ಮಾಡಿದ ಪ್ರತಿಯೊಂದು ಮೇಜೂ ಆ ಕೋಲಿನ ಎತ್ತರ. ಒಮ್ಮೆ ಬಟ್ಟೆ ಮಡಚಿಡಲು ಒಂದು ಸಣ್ಣ ಮೇಜು ಕೇಳಿದ್ದೆ. ಅದೂ ಅಷ್ಟೇ ಎತ್ತರ ಬಂತು. ನಾನು ಇವರ ಭುಜಕ್ಕೂ ಮುಟ್ಟದವಳು ಎಂಬುದು ಕೋಲಿಗೆ ಗೊತ್ತಿರಲಿಲ್ಲ.

ಈ ಸಲದ ಕಥೆ ಶುರುವಾದದ್ದು ಹಳೆಯ ಮೆಷಿನ್ನಿನ ಮೋಟರು ಸುಟ್ಟುಹೋದಾಗ. ಸ್ಕ್ರೋಲ್ ಸಾ ಎಂದು ಅದರ ಹೆಸರು. ನೋಡಿಲ್ಲದವರಿಗೆ ಹೇಳುವುದಾದರೆ, ಹೊಲಿಗೆ ಯಂತ್ರದ ಸೂಜಿ ಇರುವ ಕಡೆ ದಾರದಷ್ಟು ತೆಳ್ಳಗಿನ ಗರಗಸ ಮೇಲಕ್ಕೂ ಕೆಳಕ್ಕೂ ಆಡುತ್ತಿರುತ್ತದೆ. ಗರಗಸ ನಿಂತಲ್ಲೇ ಇರುತ್ತದೆ. ಅದರ ಕೆಳಗಿನ ಕಬ್ಬಿಣದ ತಟ್ಟೆಯ ಮೇಲೆ ಮರವನ್ನು ಎರಡೂ ಕೈಯಿಂದ ಒತ್ತಿ ಹಿಡಿದು, ಗೆರೆ ಹೋದ ಕಡೆಗೆ ತಿರುಗಿಸುತ್ತಾ ಹೋಗಬೇಕು. ಕೈ ಒಂದು ಕೂದಲೆಳೆ ಅತ್ತಿತ್ತಾದರೂ ಕುದುರೆಯ ಕಿವಿ ಕತ್ತೆಯದಾಗುತ್ತದೆ.

ಹೊಸ ಮೆಷಿನ್ನು ಬಂತು. ಅದು ಹಳೆಯದಕ್ಕಿಂತ ಎತ್ತರದ ಜಾತಿ. ಹಳೆಯದು ಕೂತಿದ್ದದ್ದು ಅದರ ಜೊತೆಗೇ ಬಂದಿದ್ದ ಗಿಡ್ಡ ಮೇಜಿನ ಮೇಲೆ, ತಟ್ಟೆ ಕೋಲಿಗಿಂತ ತುಸು ಕೆಳಗೇ ಇತ್ತು. ಆ ಮೇಜಿನ ಮೇಲೆ ಇದನ್ನಿಟ್ಟರೆ ತಟ್ಟೆ ಎದೆಗೆ ಬರುತ್ತಿತ್ತು. ಹಾಗಾಗಿ ಅದಕ್ಕೆಂದೇ ನಾಲ್ಕು ಕಾಲಿನ ಒಂದು ಸ್ಟ್ಯಾಂಡು ಮಾಡಬೇಕಾಯಿತು. ಇವರು ಬಾಗಿಲ ಹಿಂದಿನ ಕೋಲು ತೆಗೆದರು.

ನಮ್ಮ ಮಗಳು ಅಂದು ಮನೆಯಲ್ಲಿದ್ದಳು. ಅವಳು ಸಿಟಿ ಬಸ್ಸು ಓಡಿಸುತ್ತಾಳೆ. ಅಪ್ಪನ ಹಟ ಮತ್ತು ನನ್ನ ಬಾಯಿ ಎರಡೂ ಅವಳಿಗೆ ಬಂದಿವೆ, ರಸ್ತೆಯಲ್ಲಿ ಎರಡೂ ಬೇಕಾಗುತ್ತವಂತೆ.

"ಅಪ್ಪ, ಕಾಲಿಗೆ ಸಾಲಾಗಿ ತೂತು ಹಾಕಿ ಬೋಲ್ಟ್ ಕೊಟ್ಬಿಡು," ಎಂದಳು. "ಆಮೇಲೆ ಎತ್ತರ ಬೇಕಾದ ಹಾಗೆ ಮಾಡ್ಕೋಬಹುದು. ನಾನು ಬಸ್ ಹತ್ತಿದ ಕೂಡ್ಲೆ ಮೊದ್ಲು ಮಾಡೋದೇ ಸೀಟು ಸರಿ ಮಾಡ್ಕೊಳ್ಳೋದು. ಚಾವಿ ತಿರುಗಿಸೋದು ಆಮೇಲೆ."

"ನಿನ್ನ ಬಸ್ಸನ್ನ ಹತ್ತು ಜನ ಓಡಿಸ್ತಾರೆ," ಎಂದರು ಇವರು. "ಈ ಮೆಷಿನ್ ಮುಂದೆ ನಿಲ್ಲೋನು ನಾನೊಬ್ಬ. ನನಗ್ಯಾಕೆ ತೂತು?"

ತೂತಿಲ್ಲದ ಸ್ಟ್ಯಾಂಡು ತಯಾರಾಯಿತು. ಸುಳ್ಳು ಹೇಳಬಾರದು, ನೋಡಲು ಚೆನ್ನಾಗಿಯೇ ಇತ್ತು. ಮೆಷಿನ್ನು ಕೂರಿಸಿ ಪಕ್ಕದಲ್ಲಿ ಕೋಲು ನಿಲ್ಲಿಸಿದಾಗ, ಕೋಲಿನ ತುದಿಯೂ ತಟ್ಟೆಯೂ ಒಂದೇ ಮಟ್ಟಕ್ಕೆ ಬಂದವು. ಇವರು ಅಂಗೈ ಸವರಿ ನೋಡಿ ನನ್ನ ಕಡೆ ತಿರುಗಿದರು. ಹೊಗಳಿಕೆ ಬೇಕಾಗಿತ್ತು, ಕೊಟ್ಟೆ.

ಮಾರನೆಯ ದಿನದಿಂದ ಕಾಟ ಶುರುವಾಯಿತು. ಊಟಕ್ಕೆ ಬರುವಾಗ ಕತ್ತು ಉಜ್ಜಿಕೊಳ್ಳುತ್ತಾ ಬರುತ್ತಿದ್ದರು. ಗರಗಸದ ಅಲಗು ಸರಿಯಿಲ್ಲ ಎಂದರು, ಬೇರೆ ತಂದರು. ಮರ ಹಸಿ ಎಂದರು. ಬಲ್ಬಿನ ಬೆಳಕು ಹಳದಿ ಎಂದರು, ಅದನ್ನೂ ಬದಲಾಯಿಸಿದರು. ಚಪ್ಪಲಿಯ ಅಟ್ಟೆ ಸವೆದಿದೆ ಎಂದರು. ಕೊನೆಗೆ ಮಟ್ಟಗೋಲು ಹಿಡಿದು ನೆಲವನ್ನು ನೋಡಲು ಕೂತಾಗ ನನಗೆ ತಡೆಯಲಾಗಲಿಲ್ಲ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂದುಬಿಟ್ಟೆ.

ಇವರು ಎಂದಿನಂತೆ ತಿರುಗಿ ಬೀಳಲಿಲ್ಲ. ಮಟ್ಟಗೋಲನ್ನು ಗೋಡೆಗೆ ಒರಗಿಸಿ ಎದ್ದು ಹೋದರು. ಆಗಲೇ ನನಗೆ ಏನೋ ಸರಿಯಿಲ್ಲ ಅನ್ನಿಸಿದ್ದು.

ಎರಡು ದಿನ ಬಿಟ್ಟು ಕಸದ ಬುಟ್ಟಿ ಬರಿದು ಮಾಡುವಾಗ, ತರಕಾರಿ ಸಿಪ್ಪೆಯ ಅಡಿಯಲ್ಲಿ, ಕಾಗದದಲ್ಲಿ ಸುತ್ತಿ ಬಚ್ಚಿಟ್ಟ ಒಂದು ಕುದುರೆ ಸಿಕ್ಕಿತು. ನಾಲ್ಕನೆಯ ಕಾಲು ಇರಲಿಲ್ಲ. ಇವರು ಹಿಡಿದ ಮೊಲಕ್ಕೆ ಮೂರೇ ಕಾಲು ಎಂಬುದು ನನಗೆ ಮದುವೆಯಾದಾಗಿನಿಂದ ಗೊತ್ತು. ಕುದುರೆಗೂ ಮೂರೇ ಎಂಬುದು ಅವತ್ತು ತಿಳಿಯಿತು. ಇನ್ನೂ ಕೆದಕಿದೆ. ಬಾಲ ತುಂಡಾದ ಮೀನು, ಗೆರೆ ಬಿಟ್ಟು ಒಳಗೆ ಕೊಯ್ದ ಆನೆಯ ಬೆನ್ನು, ಒಂದರೊಳಗೊಂದು ಕೂರದ ತುಂಡುಗಳು. ನಗು ಬರಬೇಕಿತ್ತು. ಎಲ್ಲವನ್ನೂ ಮತ್ತೆ ಕಾಗದದಲ್ಲಿ ಸುತ್ತಿ ಸಿಪ್ಪೆಯ ಅಡಿಗೇ ಇಟ್ಟೆ.

ಸಂಜೆ ಕೇಳಿದೆ. ಇವರು ಎರಡೂ ಅಂಗೈಗಳನ್ನು ತೊಡೆಯ ಮೇಲೆ ಮಲಗಿಸಿಕೊಂಡು ಅವನ್ನೇ ನೋಡುತ್ತಾ ಕೂತಿದ್ದರು.

"ಕೈ ಹೋಯ್ತು ಕಣೆ," ಎಂದರು. "ಗೆರೆ ಹಿಡೀತಾ ಇಲ್ಲ. ಅರ್ಧ ದಾರೀಲಿ ನಡುಗತ್ತೆ. ಪೆಟ್ಟಿಗೆಯವನಿಗೆ ಹೇಳಿದೀನಿ, ಭಾನುವಾರ ಬಂದು ಮೆಷಿನ್ ತಗೊಂಡು ಹೋಗ್ತಾನೆ. ಇಲ್ಲಿ ಸುಮ್ನೆ ಧೂಳು ಹಿಡಿಯೋದಕ್ಕಿಂತ ಅವನಿಗಾದ್ರೂ ಉಪಯೋಗಕ್ಕೆ ಬರಲಿ."

ಪೆಟ್ಟಿಗೆಯವನು ಇವರ ಗೆಳೆಯ, ಪಕ್ಕದ ಬೀದಿಯಲ್ಲಿ ಮರದ ಪೆಟ್ಟಿಗೆ ಮಾಡುತ್ತಾನೆ. ಒಳ್ಳೆಯ ಮನುಷ್ಯ. ಆದರೆ ಅವತ್ತು ಅವನ ಹೆಸರು ಕೇಳಿ ನನಗೆ ಮೈಯೆಲ್ಲ ಉರಿಯಿತು. ಇವರಿಗೆ ಬೇರೆ ಏನೂ ಬರುವುದಿಲ್ಲ. ಹರಟೆ ಹೊಡೆಯಲು ಬಾರದು, ಪೇಪರನ್ನು ಹತ್ತು ನಿಮಿಷಕ್ಕೆ ಮುಗಿಸುತ್ತಾರೆ, ಹೊರಗೆ ನಡೆಯಲು ಹೋದರೆ ದಾರಿಯ ಬದಿಯ ಬೇಲಿಯ ಕೆಲಸ ಸರಿಯಿಲ್ಲ ಎಂದು ಅಲ್ಲೇ ನಿಲ್ಲುತ್ತಾರೆ. ಆ ಕೋಣೆಯ ಸದ್ದು ನಿಂತರೆ ಈ ಮನುಷ್ಯ ಏನಾಗುತ್ತಾರೆ ಎಂದು ನೆನೆದು ನನಗೆ ಭಯವಾಯಿತು. ಭಯವಾದಾಗ ನಾನು ಬೈಯುತ್ತೇನೆ. ಅವತ್ತು ಬೈಯಲೂ ಆಗಲಿಲ್ಲ.

ಮಾರನೆಯ ದಿನ ಚಹಾ ಹಿಡಿದುಕೊಂಡು ಕೋಣೆಯ ಬಾಗಿಲಿಗೆ ಹೋದೆ. ಮೆಷಿನ್ನಿನ ಸದ್ದಿಗೆ ನಾನು ಬಂದದ್ದು ಇವರಿಗೆ ಕೇಳಿಸಲಿಲ್ಲ. ಇನ್ನೊಂದು ಕುದುರೆ ಕೊಯ್ಯುತ್ತಿದ್ದರು, ಕೊನೆಯ ಪ್ರಯತ್ನವೋ ಏನೋ. ನಾನು ಕೈ ನೋಡಲಿಲ್ಲ. ಹಿಂದೆ ನಿಂತಿದ್ದೆನಲ್ಲ, ಬೆನ್ನು ಕಂಡಿತು. ಎರಡೂ ಭುಜಗಳು ಕಿವಿಯ ಹತ್ತಿರಕ್ಕೆ ಏರಿದ್ದವು. ಮೊಣಕೈಗಳು ರೆಕ್ಕೆಯಂತೆ ಹೊರಕ್ಕೆ ಚಾಚಿದ್ದವು. ಕತ್ತು ಎರಡರ ನಡುವೆ ಹೂತುಹೋಗಿತ್ತು.

ಆ ಭುಜ ನನಗೆ ಗೊತ್ತು. ಅದು ನನ್ನದು.

ಚಹಾ ಹಿಡಿದುಕೊಂಡೇ ಅಡುಗೆಮನೆಗೆ ವಾಪಸು ಬಂದೆ. ನಮ್ಮ ಅಡುಗೆಮನೆಯ ಕಟ್ಟೆಯೂ ಮರದ್ದೇ, ಇವರೇ ಮಾಡಿದ್ದು, ಅದೇ ಕೋಲಿನ ಅಳತೆ. ಅದರ ಮುಂದೆ ನಿಂತು ಕೈಯಿಟ್ಟೆ. ಭುಜ ತಾನಾಗಿ ಮೇಲೆದ್ದಿತು. ಇಷ್ಟು ವರ್ಷ ಇದೇ ಭುಜದಿಂದ ಈರುಳ್ಳಿ ಹೆಚ್ಚಿದ್ದೇನೆ, ಹಿಟ್ಟು ನಾದಿದ್ದೇನೆ. ಸಂಜೆಯಾದರೆ ಕತ್ತು ಹಿಡಿಯುವುದು ವಯಸ್ಸಿಗೆ ಎಂದುಕೊಂಡಿದ್ದೆ, ಆದರೆ ಪ್ರಾಯದಲ್ಲೂ ಹಿಡಿಯುತ್ತಿತ್ತು. ಎತ್ತರದ ಮೇಜಿನ ಮುಂದೆ ನಿಂತವರ ಬೆನ್ನು ಹೇಗಿರುತ್ತದೆ ಎಂದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಇವರ ಕೈ ಹೋಗಿಲ್ಲ, ಮೇಜು ಎತ್ತರವಾಗಿದೆ.

ಒಂದು ಗಳಿಗೆ ನನಗೆ ಖುಷಿಯಾಯಿತು, ಮುಚ್ಚುಮರೆ ಏಕೆ. ಸ್ವಲ್ಪ ದಿನ ಅನುಭವಿಸಲಿ ಅಂತಲೂ ಅನ್ನಿಸಿತು. ಆಮೇಲೆ ಭಾನುವಾರ ನೆನಪಾಯಿತು.

ಆದರೆ ಹೇಳುವುದು ಹೇಗೆ? ಗಂಡಸಿಗೆ ತಲೆ ಬೋಳಾಗಿದೆ ಎನ್ನಬಹುದು, ಹೊಟ್ಟೆ ಬಂದಿದೆ ಎನ್ನಬಹುದು, ಕಿವಿ ಮಂದವಾಗಿದೆ ಎಂದು ಕಿರುಚಿಯಾದರೂ ಹೇಳಬಹುದು. ನೀವು ಗಿಡ್ಡ ಆಗಿದ್ದೀರಿ ಎನ್ನುವುದು ಹೇಗೆ? ಇವರ ಪ್ಯಾಂಟಿನ ಅಂಚನ್ನು ನಾನೇ ಮೇಲಕ್ಕೆ ಮಡಚಿ ಹೊಲಿದಿದ್ದೆ. ಬಟ್ಟೆ ಒಗೆದು ಒಗೆದು ಹಿಗ್ಗಿದೆ ಎಂದು ಇವರು ಹೇಳಿದ್ದರು. ಒಗೆದರೆ ಬಟ್ಟೆ ಕುಗ್ಗುವುದನ್ನು ಕಂಡಿದ್ದೇನೆ, ಹಿಗ್ಗುವುದನ್ನು ಕಂಡಿರಲಿಲ್ಲ. ಆದರೂ ಹೂಂ ಎಂದಿದ್ದೆ.

"ರೀ, ಸ್ವಲ್ಪ ಬನ್ನಿ ಇಲ್ಲಿ. ಈ ಕ್ಯಾರೆಟ್ ಹೆಚ್ಚಿ ಕೊಡಿ."

ಬಂದರು. ಮೊದಲಾಗಿದ್ದರೆ ನಾಲ್ಕು ಮಾತು ಅನ್ನದೆ ಬರುತ್ತಿರಲಿಲ್ಲ. ಹೀಗೆ ಕರೆದ ಕೂಡಲೇ ಬಂದದ್ದೇ ನನಗೆ ಸಂಕಟವಾಯಿತು. ಚಾಕು ಹಿಡಿದು ಒಂದು ಕ್ಯಾರೆಟ್ ಮುಗಿಸುವಷ್ಟರಲ್ಲಿ ಕತ್ತು ತಿರುಗಿಸಿಕೊಂಡರು.

"ಏನಿದು, ಕಟ್ಟೆ ಇಷ್ಟು ಎತ್ತರ ಇದೆ? ಕೆಳಗೆ ಏನಾದ್ರೂ ಹಾಕ್ಸಿದ್ಯಾ?"

"ನಾನ್ಯಾಕೆ ಹಾಕಿಸ್ಲಿ. ನೀವು ಮಾಡಿದ ಹಾಗೇ ಇದೆ. ಬೇಕಾದ್ರೆ ನಿಮ್ಮ ಕೋಲು ತಂದು ನೋಡಿ."

ನನ್ನ ಮಾತು ನಂಬದೆ ತಂದೇ ತಂದರು. ಕಟ್ಟೆಗೂ ಕೋಲಿಗೂ ಕೂದಲಷ್ಟೂ ವ್ಯತ್ಯಾಸವಿರಲಿಲ್ಲ. ಇವರು ಕೋಲನ್ನು ಕಟ್ಟೆಯಿಂದ ಸರಿಸಿ, ಏನೋ ಅನುಮಾನ ಬಂದವರ ಹಾಗೆ, ತಮ್ಮ ಪಕ್ಕದಲ್ಲಿ ನಿಲ್ಲಿಸಿಕೊಂಡು ಮೊಣಕೈ ಮಡಚಿದರು. ಒಂದು ಬೆರಳು ಕೆಳಗಿರಬೇಕಾದ ಕೋಲಿನ ತುದಿ ಮೊಣಕೈಗಿಂತ ಮೇಲೆ ಬಂದಿತ್ತು. ಬೆನ್ನು ನೆಟ್ಟಗೆ ಮಾಡಿ ಮತ್ತೆ ನೋಡಿದರು. ಉಸಿರು ಬಿಗಿಹಿಡಿದೂ ನೋಡಿದರು.

ಇನ್ನು ಸುತ್ತಿಬಳಸಿ ಪ್ರಯೋಜನವಿಲ್ಲ ಎಂದು ಕಡ್ಡಿ ಮುರಿದ ಹಾಗೆ ಹೇಳಿದೆ. "ಕೋಲು ಬೆಳೆದಿಲ್ಲ. ನೀವು ಇಳಿದಿದೀರಿ."

"ನಾನು ಗಿಡ್ಡ ಆಗಿದೀನಿ ಅಂತೀಯಾ?"

"ಕೈ ಹೋಗಿಲ್ಲ ಅಂತೀನಿ."

ಚಾಕುವನ್ನು ಕಟ್ಟೆಯ ಮೇಲಿಟ್ಟು ಹೊರಗೆ ಹೋದರು. ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಎನ್ನುತ್ತಾರೆ. ಇವರು ಉಂಡರು, ಮಲಗಿದರು, ಎದ್ದ ಮೇಲೂ ಮಾತಿಲ್ಲ. ನನಗೂ ಬೇಜಾರಿತ್ತು. ಕಟ್ಟೆ ಎತ್ತರ ಎಂದು ಒಂದು ಕ್ಯಾರೆಟ್ಟಿಗೇ ಗೊತ್ತಾಯಿತು, ಆದರೆ ಅದರ ಮುಂದೆ ದಿನಾ ನಿಲ್ಲುವವಳು ಯಾರು ಎಂದು ಹೊಳೆಯಲಿಲ್ಲ. ಇರಲಿ, ಒಂದು ಸಲಕ್ಕೆ ಒಂದು ಎಂದು ಸುಮ್ಮನಾದೆ.

ಭಾನುವಾರ ಬೆಳಿಗ್ಗೆ ಮಗಳಿಗೆ ರಜೆ. ಹಜಾರದಲ್ಲಿ ಇಸ್ತ್ರಿ ಮೇಜು ಬಿಡಿಸಿಕೊಂಡು ತನ್ನ ಸಮವಸ್ತ್ರ ಇಸ್ತ್ರಿ ಮಾಡುತ್ತಿದ್ದಳು. ನಾನು ಎಲ್ಲವನ್ನೂ ಅವಳಿಗೆ ಹೇಳಿದ್ದೆ. ಅಪ್ಪ ಪೇಪರು ಮುಗಿಸಿ ಏನೂ ತೋಚದೆ ಓಡಾಡುವುದನ್ನು ನೋಡಿ, ಇಸ್ತ್ರಿಪೆಟ್ಟಿಗೆಯ ಪ್ಲಗ್ಗು ಕಿತ್ತಳು.

"ಅಪ್ಪ, ಇಲ್ಲಿ ಬಾ. ಒಂದು ಹಲಗೆ ತುಂಡು ತಗೊಂಡ್ ಬಾ."

"ಯಾತಕ್ಕೆ?"

"ತಗೊಂಡ್ ಬಾ ಅಂದೆ."

ತಂದರು. ಅವಳು ಹಲಗೆಯನ್ನು ಇಸ್ತ್ರಿ ಮೇಜಿನ ಮೇಲಿಟ್ಟಳು. "ಮೆಷಿನ್ ಮುಂದೆ ನಿಂತ ಹಾಗೆ ನಿಂತ್ಕೋ. ಕಣ್ಣು ಮುಚ್ಚು. ಕುದುರೆ ಕೊಯ್ಯೋ ಹಾಗೆ ಮರ ತಿರುಗಿಸ್ತಾ ಇರು."

ಇವರು ನನ್ನ ಕಡೆ ಒಂದು ನೋಟ ಬಿಟ್ಟು ಕಣ್ಣು ಮುಚ್ಚಿದರು. ಇಸ್ತ್ರಿ ಮೇಜಿನ ಕಾಲಿಗೆ ಒಂದರ ಕೆಳಗೊಂದು ಕಚ್ಚುಗಳಿವೆ. ಅವಳು ಬಗ್ಗಿ ಒಂದು ಕಚ್ಚು ಇಳಿಸಿದಳು. ಭುಜ ಹಾಗೇ ಇತ್ತು. ಇನ್ನೊಂದು ಇಳಿಸಿದಳು. ಮುಂದಿನದಕ್ಕೆ ಇವರ ಭುಜಗಳು ತಾವಾಗಿ ಜಾರಿ ಕೆಳಗೆ ಕೂತವು, ಮೊಣಕೈಗಳು ಪಕ್ಕೆಗೆ ಬಂದವು. ಇಷ್ಟು ದಿನದಲ್ಲಿ ಮೊದಲ ಬಾರಿಗೆ ಇವರ ಕತ್ತು ಕಾಣಿಸಿತು.

"ಇದು," ಎಂದರು, ಕಣ್ಣು ಮುಚ್ಚಿಕೊಂಡೇ.

ಆಮೇಲೆ ಕಣ್ಣು ಬಿಟ್ಟು ಹಲಗೆಯನ್ನು ನೋಡಿ ಮುಖ ಸಣ್ಣಗೆ ಮಾಡಿದರು. "ಕೈಗೇನೋ ಹಾಯಾಗಿದೆ. ಆದ್ರೆ ಕಣ್ಣಿಗೆ ದೂರ ಆಯ್ತು. ಗೆರೆ ಕಾಣ್ಬೇಕಾದ್ರೆ ಬಗ್ಗಬೇಕು. ಭುಜ ಉಳಿಸ್ಕೊಳ್ಳೋಕೆ ಹೋಗಿ ಸೊಂಟ ಕಳ್ಕೊಂಡ ಹಾಗೆ."

ಹುಳುಕು ಹುಡುಕುವುದು ಇವರ ಹುಟ್ಟುಗುಣ, ಆದರೆ ಈ ಹುಳುಕು ನಿಜವಾದದ್ದೇ ಆಗಿತ್ತು. ಮಗಳು ಎರಡೂ ಕೈಯನ್ನು ಗಾಳಿಯಲ್ಲಿ ಹಿಡಿದು, ಇಲ್ಲದ ಸ್ಟೇರಿಂಗನ್ನು ತಿರುಗಿಸಿ ನೋಡಿದಳು.

"ನಮ್ದು ಚಪ್ಪಟೆ ಮಲಗಿರಲ್ಲ ಅಪ್ಪ. ನಮ್ಮ ಕಡೆ ವಾಲಿರತ್ತೆ. ನಾವು ಅದರ ಹತ್ರ ಹೋಗಲ್ಲ, ಅದೇ ನಮ್ಮ ಹತ್ರ ಬರತ್ತೆ."

ಇವರು ಹಲಗೆಯ ಹಿಂದಿನ ಅಂಚನ್ನು ಬೆರಳಿಂದ ಸ್ವಲ್ಪ ಎತ್ತಿದರು, ಇಳಿಸಿದರು, ಮತ್ತೆ ಎತ್ತಿದರು. "ಮುಂದಿನ ಕಾಲು ಜಾಸ್ತಿ ಕೊಯ್ಯೋದು, ಹಿಂದಿನದು ಕಮ್ಮಿ," ಎಂದು ಗೊಣಗುತ್ತಾ, ಹೊಸ ಎತ್ತರವನ್ನು ಬಾಗಿಲ ಚೌಕಟ್ಟಿನ ಮೇಲೆ ಸೀಸದಕಡ್ಡಿಯಿಂದ ಗುರುತು ಮಾಡಿಕೊಂಡು ಕೋಣೆಗೆ ನಡೆದರು. ನನ್ನ ಬಾಗಿಲ ಮೇಲೆ ಗೀಚಿದ್ದಕ್ಕೆ ಬೇರೆ ದಿನವಾಗಿದ್ದರೆ ರಂಪ ಮಾಡುತ್ತಿದ್ದೆ.

ಪೆಟ್ಟಿಗೆಯವನು ಕೈಗಾಡಿ ತಳ್ಳಿಕೊಂಡು ಬಂದಾಗ ಮೆಷಿನ್ನು ನೆಲದ ಮೇಲಿತ್ತು, ಸ್ಟ್ಯಾಂಡು ಕಾಲು ಮೇಲೆ ಮಾಡಿ ಮಲಗಿತ್ತು. ತನಗೆ ಅನುಕೂಲವಾಗಲಿ ಎಂದು ಬಿಚ್ಚಿಟ್ಟಿದ್ದಾರೆ ಎಂದುಕೊಂಡ ಪಾಪ.

"ಸುಮ್ನೆ ನಿಂತ್ಕೋಬೇಡ ಕಣಯ್ಯಾ, ಈ ಕಾಲು ಗಟ್ಟಿಯಾಗಿ ಹಿಡ್ಕೋ," ಎಂದರು ಇವರು.

ಗುರುತು ಹಾಕಿದ ಮೇಲೂ ಕೈಗರಗಸ ಇಡಲು ಇವರಿಗೆ ಮನಸ್ಸು ಬರಲಿಲ್ಲ. ಕೊಯ್ದ ಕಾಲು ಮತ್ತೆ ಬೆಳೆಯುವುದಿಲ್ಲ. ಅದಕ್ಕಿಂತ ಹೆಚ್ಚಾಗಿ, ಕೊಯ್ದ ಮೇಲೂ ಕೈ ನಡುಗಿದರೆ ದೂರಲು ಇನ್ನು ಏನೂ ಉಳಿದಿರುವುದಿಲ್ಲ. ಅದು ಇವರ ಮುಖದಲ್ಲೇ ಕಾಣುತ್ತಿತ್ತು. ನಾನು ಬಾಗಿಲಲ್ಲಿ ನಿಂತು, ಬಾಯಿ ಬಿಟ್ಟರೆ ಕೆಟ್ಟೇನು ಎಂದು ತುಟಿ ಕಚ್ಚಿಕೊಂಡಿದ್ದೆ. ಇವರು ಒಂದು ಸಲ ಉಸಿರೆಳೆದು ಕೊಯ್ದರು. ನಾಲ್ಕು ತುಂಡುಗಳು ನೆಲಕ್ಕೆ ಬಿದ್ದವು, ಎರಡು ದಪ್ಪ, ಎರಡು ತೆಳ್ಳಗೆ.

ಮೆಷಿನ್ನು ಕೂರಿಸಿದಾಗ ಅದು ಇವರ ಕಡೆಗೆ ಸ್ವಲ್ಪ ವಾಲಿ ನಿಂತಿತು. ಹೊಸ ಹಲಗೆಯ ಮೇಲೆ ಕುದುರೆಯ ಗೆರೆ ಬರೆದು ಸ್ವಿಚ್ಚು ಒತ್ತಿದರು. ಪೆಟ್ಟಿಗೆಯವನೂ ಮಗಳೂ ನಾನೂ ಹಿಂದೆ ನಿಂತು ನೋಡಿದೆವು. ಗರಗಸ ಬೆನ್ನಿನ ಉದ್ದಕ್ಕೂ ಹೋಯಿತು, ಬಾಲ ಸುತ್ತಿತು, ಹಿಂಗಾಲು ಇಳಿದು ಗೊರಸಿನ ಹತ್ತಿರ ತಿರುಗಿ ಮೇಲೆ ಬಂತು. ಇವರ ಕೈಗಳು ಅವಸರವಿಲ್ಲದೆ ಮರವನ್ನು ತಿರುಗಿಸುತ್ತಿದ್ದವು. ಕುದುರೆಯ ಕಿವಿಯ ಹತ್ತಿರ ನಾನು ಕಣ್ಣು ಮುಚ್ಚಿಕೊಂಡೆ. ಸದ್ದು ನಿಂತಾಗ ಬಿಟ್ಟೆ.

ಇವರು ಕುದುರೆಯನ್ನು ಅಂಗೈ ಮೇಲೆ ನಿಲ್ಲಿಸಿ, ಪುಡಿ ಊದಿ, ಗೆಳೆಯನ ಕೈಗೆ ಕೊಟ್ಟರು. ಅವನು ಅದನ್ನು ತಿರುಗಿಸಿ ಮುರುಗಿಸಿ ನೋಡಿದ.

"ಹಾಗಾದ್ರೆ ನನ್ನ ಗಾಡಿ ಖಾಲಿ," ಎಂದ.

"ಊಟ ಮಾಡ್ಕೊಂಡು ಹೋಗು," ಎಂದರು ಇವರು. ನಾನು ಬೇಗ ಬೇಗ ಅಡುಗೆಮನೆಗೆ ಬಂದೆ, ಇಲ್ಲದಿದ್ದರೆ ಎಲ್ಲರ ಎದುರಿಗೆ ಅತ್ತುಬಿಡುತ್ತಿದ್ದೆ.

ಆಮೇಲೆ ಇವರ ಗರಗಸದ ಸದ್ದು ದಿನವಿಡೀ ಕೇಳಿಸತೊಡಗಿತು, ಕತ್ತು ಉಜ್ಜಿಕೊಳ್ಳುವುದು ನಿಂತಿತು. ಹಾಗೆ ಕೆಲವು ದಿನ ಕಳೆದ ಮೇಲೆ ಒಂದು ಮಧ್ಯಾಹ್ನ ನಾನು ಹಿಟ್ಟು ನಾದುತ್ತಿದ್ದೆ. ಮೆಷಿನ್ನು ನಿಂತಿತ್ತು. ಹಿಂದೆ ಯಾರೋ ನಿಂತ ಹಾಗಾಯಿತು. ತಿರುಗಿ ನೋಡಿದರೆ ಇವರು, ಬಾಗಿಲಲ್ಲಿ.

"ನೀರು ಬೇಕಿತ್ತಾ?"

"ಬೇಡ. ನೀನು ಮಾಡು."

ಮಾಡಿದೆ. ಇವರು ಹೋಗಲಿಲ್ಲ.

"ನೀನು ಯಾವತ್ತಿಂದ ಹಾಗೆ ನಿಲ್ತಿದೀಯ?"

"ಹೇಗೆ?"

"ಭುಜ ಎತ್ಕೊಂಡು."

"ಈ ಕಟ್ಟೆ ಹಾಕಿದ ದಿನದಿಂದ."

"ಒಂದು ಮಾತು ಹೇಳ್ಬಾರದಿತ್ತಾ?" ಎಂದರು.

"ಹೇಳಿದ್ದೆ. ಹೊಸದ್ರಲ್ಲಿ. ಅಭ್ಯಾಸ ಆಗತ್ತೆ ಬಿಡು ಅಂದ್ರಿ." ಸಿಟ್ಟಿನಿಂದ ಹೇಳಲಿಲ್ಲ. ಸಿಟ್ಟು ಎಂದೋ ಮುಗಿದಿತ್ತು. "ಅಭ್ಯಾಸ ಆಯ್ತು."

ಇವರು ಒಳಗೆ ಬಂದರು. ನನ್ನ ಕೈಯಲ್ಲಿ ಹಿಟ್ಟಿತ್ತು, ಒರೆಸಿಕೊಳ್ಳಲೂ ಬಿಡದೆ ತೋಳು ಹಿಡಿದು ಗೋಡೆಯ ಕಡೆ ಕರೆದುಕೊಂಡು ಹೋದರು. "ಒರಗಿ ನಿಂತ್ಕೋ. ಮೊಣಕೈ ಮಡಚು." ಮಡಚಿದೆ. ನೆಲಕ್ಕೆ ಕೂತು ಟೇಪು ಬಿಡಿಸಿ ಮೊಣಕೈವರೆಗೆ ಎಳೆದರು. ಅಳತೆ ನೋಡಿ ತಲೆಯಲ್ಲಾಡಿಸಿದರು.

"ಹೀಗಲ್ಲ. ಭುಜ ಇಳಿಸು."

"ಇಳಿಸಿದೀನಿ."

"ಇಲ್ಲ, ಇನ್ನೂ ಎತ್ಕೊಂಡೇ ಇದೀಯ."

ನಾನು ನೋಡಿಕೊಂಡೆ. ಇಳಿಸಿದ್ದೇನೆ ಎಂದೇ ತಿಳಿದಿದ್ದೆ. ಇನ್ನಷ್ಟು ಇಳಿಸಲು ನೋಡಿದೆ, ಎಲ್ಲಿಂದ ಬಿಡಬೇಕೆಂದು ಗೊತ್ತಾಗಲಿಲ್ಲ. ಇವರು ಎದ್ದು, ಸೀಸದಕಡ್ಡಿಯನ್ನು ಕಿವಿಗೆ ಸಿಕ್ಕಿಸಿಕೊಂಡು, ನನ್ನ ಎರಡೂ ಭುಜಗಳ ಮೇಲೆ ಕೈಯಿಟ್ಟು, ಅವು ಇಳಿಯುವವರೆಗೆ ಕಾದರು.